ಒಳ್ಳೇ ಮುಖ ಹೊರಗೆ

ಗೋಣಿಬೀಡಿನ ಕಡೆ ಪ್ರಶಾಂತನ ಬಿಳಿ ಕಾರು ಗೊತ್ತಿಲ್ಲದವರಿಲ್ಲ. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಒಂದು ಕೋಳಿಮರಿ ನುಸುಳಿದರೆ ಹೆಚ್ಚು. ಹಂಪ್ ಬಂದರೆ ಅಡ್ಡಡ್ಡ ಹತ್ತಿಸಬೇಕು, ಹೊಂಡ ಬಂದರೆ ಉಸಿರು ಬಿಗಿ ಹಿಡಿಯಬೇಕು. ಒಂದು ಮಳೆಗಾಲ ಕಳೆದರೆ ರಸ್ತೆ ಅಂತ ಹೇಳಿಕೊಳ್ಳೋಕೇ ನಾಚಿಕೆಯಾಗುವಂಥ ಸೀಮೆ ನಮ್ಮದು. ಇಲ್ಲಿ ಅಂಥ ಗಾಡಿ ಇಟ್ಟುಕೊಳ್ಳೋದು ಹುಚ್ಚಲ್ಲದೆ ಮತ್ತೇನು ಹೇಳಿ. ಆದರೆ ಎಸ್ಟೇಟ್ ಮನೆಯ ಹುಡುಗ, ಹುಚ್ಚು ಹಿಡಿಸಿಕೊಳ್ಳೋಕೆ ಅವನಿಗೆ ಪುರುಸೊತ್ತೂ ಇತ್ತು, ತಡೆಯುವವರೂ ಇರಲಿಲ್ಲ.

ಆ ಹುಚ್ಚಿಗೆ ಸ್ಪ್ಯಾನರ್ ಹಿಡಿದವನು ಅನಿಲ್. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನಲ್ಲಿ ವೀಲ್ ಅಲೈನ್‌ಮೆಂಟ್, ಸಸ್ಪೆನ್ಷನ್ ಕೆಲಸವೆಲ್ಲ ಅವನದೇ. ಗಿಡ್ಡ ಸ್ಪ್ರಿಂಗ್ ಹಾಕಿ ಗಾಡಿ ಇಳಿಸಿದವನೂ ಅವನೇ, ಹಿಂದಿನ ಚಕ್ರಗಳ ತಲೆ ಒಳಕ್ಕೆ, ಪಾದ ಹೊರಕ್ಕೆ ವಾಲುವ ಹಾಗೆ ಕ್ಯಾಂಬರ್ ಕೂರಿಸಿದವನೂ ಅವನೇ. ಗಾಡಿ ಹಿಂದಿನಿಂದ ನೋಡಿದರೆ ಕಾಲು ಅಗಲಿಸಿ ನಿಂತ ಪೈಲ್ವಾನನ ಹಾಗೆ ಕಾಣಬೇಕು ಅಂತ ಪ್ರಶಾಂತನ ಆಸೆ.

"ಇಷ್ಟೊಂದು ವಾಲಿಸೋದು ಬೇಡ ಪ್ರಶಾಂತಣ್ಣ. ಭಾರ ಪೂರಾ ಟೈರಿನ ಒಳಅಂಚಿನ ಮೇಲೆ ಬೀಳುತ್ತೆ," ಅಂದಿದ್ದ ಅನಿಲ್.

"ಅದನ್ನೆಲ್ಲ ನಾನು ನೋಡ್ಕೋತೀನಿ ಮಾರಾಯ. ನೀನು ಕೂರಿಸು."

ಅನಿಲ್ ಕೂರಿಸಿದ. ಕೂರಿಸಿ, ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿಕೊಂಡ. ಸುಳ್ಳು ಯಾಕೆ, ಆ ಗಾಡಿಯ ಮೇಲೆ ಅವನಿಗೂ ಮೋಹವಿತ್ತು.

ಕೆಲವೇ ತಿಂಗಳಲ್ಲಿ ಒಂದೇ ಬದಿಗೆ ಸವೆಯುವ ಚಪ್ಪಲಿಯ ಹಾಗೆ ಹಿಂದಿನ ಎರಡೂ ಟೈರಿನ ಒಳಅಂಚು ಬೋಳಾಯಿತು. ರಬ್ಬರ್ ಮುಗಿದು ಅಲ್ಲಲ್ಲಿ ಒಳಗಿನ ನೂಲು ಇಣುಕುತ್ತಿತ್ತು. ಹೊಸ ಟೈರ್ ತರಿಸಿ ಅಂತ ಹೇಳಿ, ಅಲ್ಲಿವರೆಗಾದರೂ ಇರಲಿ ಅಂತ ಅನಿಲ್ ಎರಡನ್ನೂ ರಿಮ್ಮಿನಿಂದ ಬಿಚ್ಚಿ ಮಗುಚಿ ಹಾಕಿದ. ಸವೆದ ಅಂಚು ಹೊರಗೆ ಬಂತು. ಆ ಕಡೆ ಅಷ್ಟಾಗಿ ನೆಲವೇ ತಾಗೋದಿಲ್ಲ. ಗಟ್ಟಿ ಅಂಚು ಒಳಗೆ ಹೋಗಿ ಭಾರ ಹೊತ್ತುಕೊಂಡಿತು. ನೋಡೋಕೆ ಅಸಹ್ಯ, ಆದರೆ ಓಡೋಕೆ ಅಷ್ಟರಮಟ್ಟಿಗೆ ಪರವಾಗಿಲ್ಲ.

ಅಷ್ಟರಲ್ಲಿ ಅನಿಲನ ತಂಗಿ ಕುಸುಮಳ ಮದುವೆ ಗೊತ್ತಾಯಿತು. ಗಂಡು ಕಳಸದವನು, ಮದುವೆಯೂ ಅಲ್ಲೇ. ಅಪ್ಪ ಇಲ್ಲದ ಮನೆ, ಎಲ್ಲಕ್ಕೂ ಸೋದರಮಾವ ಗುರುವಯ್ಯನೇ ಮುಂದು. ಗುರುವಯ್ಯ ಪ್ರಶಾಂತನ ಅಪ್ಪನ ಕಾಲದಿಂದ ಅದೇ ಎಸ್ಟೇಟಿನ ಮೇಸ್ತ್ರಿ, ಪ್ರಶಾಂತ ಅವನ ಬಾಯಲ್ಲಿ ಸಣ್ಣಗೌಡ್ರು. ಒಂದು ದಿನ ಪ್ರಶಾಂತ ತಾನಾಗಿಯೇ ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹತ್ತಿರ ಬಂದು, "ಕುಸುಮ ನಮ್ಮ ಗಾಡಿಯಲ್ಲೇ ದಿಬ್ಬಣ ಹೋಗ್ಬೇಕು, ನಾನೇ ಓಡಿಸ್ತೀನಿ," ಅಂದ. ಪ್ರೀತಿಯಿಂದಲೇ ಅಂದ, ಅದರಲ್ಲಿ ಎರಡು ಮಾತಿಲ್ಲ. ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಗುರುವಯ್ಯನ ಎದೆಯಂತೂ ಉಬ್ಬಿಹೋಯಿತು.

ಅನಿಲನ ಕಣ್ಣಿಗೆ ಮಾತ್ರ ಆ ಬೋಳು ಟೈರು ಕಟ್ಟಿತು, ಹೊಸದು ಇನ್ನೂ ಬಂದಿರಲಿಲ್ಲ. ಬೇಡ ಅನ್ನಲಾರದೆ ಒಂದು ಷರತ್ತು ಹಾಕಿದ. ಕಾರಿನಲ್ಲಿ ಕುಸುಮ, ಅವ್ವ, ಅಷ್ಟೇ. ಭಾರ ಹೆಚ್ಚಾದರೆ ಗಾಡಿ ಕೂರುತ್ತೆ, ಕೂತಷ್ಟೂ ಚಕ್ರ ಇನ್ನೂ ವಾಲುತ್ತೆ. ಮಾವ ತನ್ನ ಜೊತೆ ಮದುವೆ ಸಾಮಾನಿನ ಪಿಕಪ್‌ನಲ್ಲಿ ಬರಲಿ.

"ನಾನು ಸೋದರಮಾವ ಕಣೋ," ಅಂತ ಗುರುವಯ್ಯ ಮುಖ ಊದಿಸಿಕೊಂಡ. "ಹಸೆಮಣೆಗೆ ಮುಟ್ಟಿಸೋವರೆಗೂ ಹುಡುಗಿ ನನ್ನ ಜವಾಬ್ದಾರಿ. ನಾನು ಪಾತ್ರೆ ಪಡಗದ ಜೊತೆ ಬರ್ಬೇಕಾ?" ಎರಡು ದಿನ ಮಾತು ಬಿಟ್ಟು, ಕೊನೆಗೆ ಒಪ್ಪಿದ.

ಮದುವೆಯ ಬೆಳಿಗ್ಗೆ ಕಾರು ಮೈತುಂಬ ಸೇವಂತಿಗೆ, ಮಲ್ಲಿಗೆ ಹೊತ್ತು ಬಂತು. ಹಿಂದಿನ ಸಂಜೆ ಗುರುವಯ್ಯನೇ ಗೋಣಿಬೀಡಿನಲ್ಲಿ ಹೂವಿನ ಬಸವರಾಜುವಿನ ಅಂಗಡಿಯ ಮುಂದೆ ಕಾವಲು ಕೂತು ಅಲಂಕಾರ ಮಾಡಿಸಿದ್ದ. ಅನಿಲನ ಕಣ್ಣು ಮೊದಲು ಹೋಗಿದ್ದು ಹಿಂದಿನ ಚಕ್ರಕ್ಕೆ. ಟೈರಿನ ಹೊರಅಂಚು ಕಪ್ಪಗೆ, ತುಂಬು ಗೀರುಗಳ ಜೊತೆ ಮಿರಮಿರ ಮಿಂಚುತ್ತಿತ್ತು. ಅಬ್ಬ, ಪ್ರಶಾಂತಣ್ಣ ಅಂತೂ ಹೊಸ ಟೈರ್ ಹಾಕಿಸಿದರಲ್ಲ ಅಂತ ಅವನ ಜೀವ ತಣ್ಣಗಾಯಿತು. ಆದರೂ ಅಭ್ಯಾಸಬಲ, ಒಳಅಂಚು ನೋಡೋಣ ಅಂತ ಬಗ್ಗಲು ಹೋದ.

"ಬಿಳಿ ಪಂಚೆ ಕಣೋ, ಕೆಸರಲ್ಲಿ ಕೂತ್ಕೋಬೇಡ," ಅಂತ ಅವ್ವ ಮರಿಯಮ್ಮ ರಟ್ಟೆ ಹಿಡಿದು ಎಬ್ಬಿಸಿದಳು. "ಇವತ್ತೊಂದಿನ ಗ್ಯಾರೇಜ್ ಮರ್ತುಬಿಡು."

ಮರೆತ. ಗುರುವಯ್ಯ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ಕಾರು ಅವನ್ನು ಪಚಕ್ ಅಂತ ಅಪ್ಪಚ್ಚಿ ಮಾಡಿ ಹೊರಟಿತು. ಎಸ್ಟೇಟಿನ ಗೇಟಿನ ಹತ್ತಿರ ಇಬ್ಬರು ಚಿಕ್ಕಮ್ಮಂದಿರು, ನೆಂಟರ ಬಸ್ಸು ತಪ್ಪಿಸಿಕೊಂಡವರು, ಕೈ ಅಡ್ಡ ಹಾಕಿ ಹಿಂದಿನ ಸೀಟಿಗೆ ತೂರಿಕೊಂಡರು. ಹಿಂದಿನಿಂದ ನೋಡುತ್ತಿದ್ದ ಅನಿಲನಿಗೆ ಗಾಡಿಯ ಸೊಂಟ ಕೂತಿದ್ದು ಕಂಡಿತು. ಟೈರ್ ಹೊಸದಲ್ಲವಾ, ಇರಲಿ ಅಂದುಕೊಂಡು ಪಿಕಪ್ ಹಿಂದೆ ಬಿಟ್ಟ. ಪಿಕಪ್ ತುಂಬ ಬೀರು, ಮಂಚ, ಪಾತ್ರೆ. ಪಕ್ಕದಲ್ಲಿ ಪೇಟ ಸುತ್ತಿದ ಗುರುವಯ್ಯ.

ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ಕಳಸದ ರಸ್ತೆಗೆ ತಿರುಗುವವರೆಗೂ ಎಲ್ಲ ಸುಸೂತ್ರ. ಆಮೇಲೆ ಒಂದು ಏರಿನಲ್ಲಿ ಕಾರಿನ ಹಿಂಭಾಗ ಅನಿಲನ ಕಣ್ಣಿಗೆ ಸರಿಯಾಗಿ ಬಿತ್ತು. ಎಡ ಚಕ್ರದ ಒಳಬದಿಯಲ್ಲಿ ಒಂದು ಬಿಳಿ ಗೆರೆ ಸುತ್ತುತ್ತಿತ್ತು.

"ಮಾವ, ಆ ಎಡ ಚಕ್ರದಲ್ಲಿ ಬೆಳ್ಳಗೆ ಏನದು?"

ಗುರುವಯ್ಯ ಕಣ್ಣು ಕಿರಿದು ಮಾಡಿದ. "ಹೂವಿನ ದಾರ ಇರ್ಬೇಕು. ಬಸವರಾಜು ಸಡ್ಲವಾಗಿ ಕಟ್ಟಿದ್ದ."

ಇರಬಹುದು. ಬಂಪರಿನ ಸುತ್ತ ಮಲ್ಲಿಗೆ ದಂಡೆ ಇದ್ದದ್ದೂ ನಿಜ. ಅನಿಲ್ ತನಗೆ ತಾನೇ ಹೂವಿನ ದಾರ, ಹೂವಿನ ದಾರ ಅಂತ ಹೇಳಿಕೊಂಡ. ಜಾವಳಿಯ ಗದ್ದೆ ಬಯಲಿಗೆ ಬಂದಾಗ ಮೋಡ ಸರಿದು ಬಿಸಿಲು ಬಿತ್ತು. ಬಿಳಿ ಗೆರೆ ಪಳಕ್ಕನೆ ಹೊಳೆಯಿತು. ಮಲ್ಲಿಗೆ ದಾರ ಹೊಳೆಯೋದಿಲ್ಲ. ಹೊಳೆಯೋದು ಟೈರಿನ ಹೊಟ್ಟೆಯೊಳಗಿನ ಉಕ್ಕಿನ ತಂತಿ.

ಅನಿಲ್ ಹಾರ್ನ್ ಒತ್ತಿದ. ಬಿಡದೆ ಒತ್ತಿದ.

ದಿಬ್ಬಣದ ಗಾಡಿಗಳು ದಾರಿಯುದ್ದಕ್ಕೂ ಹಾರ್ನ್ ಹೊಡೆಯೋದು ನಮ್ಮ ಕಡೆ ವಾಡಿಕೆ. ಹೊಡೆಯದಿದ್ದರೆ ಇದೇನು ಸಾವಿನ ಮನೆಗೆ ಹೋಗ್ತಿದೀರಾ ಅಂತ ಕೇಳುವವರಿದ್ದಾರೆ. ಮುಂದಿನ ಕಾರಿನಿಂದ ಪ್ರಶಾಂತನೂ ಪೀಂ ಪೀಂ ಅಂತ ಖುಷಿಯಾಗಿ ಉತ್ತರ ಕೊಟ್ಟ. ಅನಿಲ್ ಲೈಟ್ ಹಾಕಿ ಆರಿಸಿದ. ಕಾರಿನವನೂ ಹಾಗೇ ಮಿನುಗಿಸಿದ. ಕಿಟಕಿಯಿಂದ ಚಿಕ್ಕಮ್ಮನ ಬಳೆ ತುಂಬಿದ ಕೈ ಹೊರಬಂದು ಟವೆಲ್ ಬೀಸಿತು. ಪಿಕಪ್ಪು ರೇಸಿಗೆ ಕರೀತಿದೆ ಅಂದುಕೊಂಡನೋ ಏನೋ, ಪ್ರಶಾಂತ ವೇಗ ಹೆಚ್ಚಿಸಿದ. ಅನಿಲನಿಗೆ ಹಾರ್ನ್ ಮೇಲಿದ್ದ ಕೈ ಸುಟ್ಟ ಹಾಗಾಯಿತು, ತೆಗೆದುಬಿಟ್ಟ.

"ಫೋನ್ ಮಾಡಿ ಮಾವ, ಅವ್ವಂಗೆ, ಕುಸುಮಂಗೆ, ಯಾರಿಗಾದ್ರೂ."

ಗುರುವಯ್ಯ ಫೋನ್ ಕಿವಿಗಿಟ್ಟು, ತೆಗೆದು ನೋಡಿ, ಮತ್ತೆ ಇಟ್ಟ. "ಇಲ್ಲಿ ಯಾವ ಕಾಲಕ್ಕೆ ನೆಟ್‌ವರ್ಕ್ ಇತ್ತು. ಯಾಕೋ, ಏನಾಯ್ತು?"

"ಟೈರ್ ಹೋಗಿದೆ. ಮುಂದೆ ಹೋಗಿ ನಿಲ್ಲಿಸ್ಬೇಕು."

"ಮದುಮಗಳ ಗಾಡಿ ಓವರ್‌ಟೇಕ್ ಮಾಡ್ತೀಯಾ?" ಗುರುವಯ್ಯ ಅವನ ತೋಳು ಹಿಡಿದ. "ದಿಬ್ಬಣದಲ್ಲಿ ಹೆಣ್ಣಿನ ಮುಂದೆ ಯಾರೂ ಹೋಗ್ಬಾರ್ದು, ದಾರಿ ಮಧ್ಯೆ ನಿಲ್ಲಿಸ್ಲೂಬಾರ್ದು. ಅಪಶಕುನ ಅದು. ನಾನು ಬದ್ಕಿರೋವಾಗ ಬಿಡಲ್ಲ."

ಅಷ್ಟು ಹೊತ್ತಿಗೆ ಟಪ್ ಅಂತ ಏನೋ ಬಂದು ಗಾಜಿಗೆ ಬಡಿಯಿತು. ಬೆರಳುದ್ದದ ಕಪ್ಪು ರಬ್ಬರಿನ ಚೂರು. ವೈಪರಿಗೆ ಸಿಕ್ಕಿಕೊಂಡು ಅಲ್ಲೇ ಒದ್ದಾಡುತ್ತಾ ಉಳಿಯಿತು. ಕಿಟಕಿಯಿಂದ ಸುಟ್ಟ ವಾಸನೆ ಒಳಗೆ ಬಂತು.

"ಹೊಸ ಟೈರ್ ಹಿಂಗಾಗೋಕೆ ಸಾಧ್ಯವೇ ಇಲ್ಲ," ಅನಿಲ್ ತನ್ನಷ್ಟಕ್ಕೇ ಅಂದ.

"ಹೊಸದು ಯಾರು ಹಾಕಿದ್ರು?" ಗುರುವಯ್ಯ ಅಂದ. ಅವನ ದನಿಯಲ್ಲಿ ಒಂಚೂರು ಜಂಬವೂ ಇತ್ತು. "ಹಳೇದೇ. ನಿನ್ನೆ ಅಲಂಕಾರಕ್ಕೆ ಅಂತ ಹೋದಾಗ ನೋಡ್ತೀನಿ, ಹೊರಗಡೆ ಪೂರಾ ಸವೆದು ದಾರ ಕಿತ್ಕೊಂಡಿತ್ತು. ಕೂಲಿಯವರ ಮನೆ ಹುಡುಗಿಗೆ ಅಂತ ಹರಿದ ಟೈರಿನ ಗಾಡಿ ಕೊಟ್ಟಿದ್ದಾರೆ ಅಂತ ಗಂಡಿನ ಕಡೆಯವ್ರು ಆಡ್ಕೊಳಲ್ವಾ? ಸಣ್ಣಗೌಡ್ರಿಗೆ ಹೇಳಿದ್ರೆ ಅವ್ರಿಗೂ ಮುಖಭಂಗ. ಪಕ್ಕದಲ್ಲೇ ಪಂಕ್ಚರ್ ಅಂಗಡಿ. ಎರಡನ್ನೂ ತಿರುಗಿಸಿ ಒಳ್ಳೇ ಮುಖ ಹೊರಗೆ ಮಾಡಿ ಹಾಕ್ಸಿದೆ. ಯಾರಿಗೂ ಗೊತ್ತೇ ಆಗಿಲ್ಲ ನೋಡು."

ಅನಿಲನಿಗೆ ಈಗ ಅರ್ಥವಾಯಿತು. ಸವೆದು ನೂಲು ಬಿಟ್ಟ ಅಂಚು ಮತ್ತೆ ಒಳಗೆ ಹೋಗಿದೆ. ಅದರ ಮೇಲೆ ಐದು ಜನರ ಭಾರ. ಅದರಲ್ಲಿ ಒಬ್ಬಳು ಕುಸುಮ, ಒಬ್ಬಳು ಅವ್ವ. ಬಯಲು ಮುಗಿದು ಏರು ಹತ್ತಿದರೆ ಅದರಾಚೆ ಇಳಿಜಾರು, ಎಡಕ್ಕೆ ಕಾಫಿ ತೋಟದ ಆಳದ ಕೊರಕಲು. ಇಳಿಜಾರಿನ ತಿರುವಿನಲ್ಲಿ ಆ ಎಡ ಟೈರ್ ಒಡೆದರೆ ಗಾಡಿ ಎಲ್ಲಿ ನಿಲ್ಲುತ್ತೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಚಕ್ರ ಅಷ್ಟು ವಾಲಿಸಿ ಕೂರಿಸಿದವನು ತಾನೇ. ಸ್ಟೇಟಸ್‌ಗೆ ಹಾಕಿಕೊಂಡವನೂ ತಾನೇ.

"ಮಾವ," ಅಂದ. ಕಾರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಮಾವ, ಆ ಗಾಡಿ ಕಾಲು ಅಗಲಿಸಿ ನಿಲ್ಲುತ್ತೆ, ಒಳಅಂಚಿನ ಮೇಲೇ ಓಡುತ್ತೆ. ಅದಕ್ಕೇ ನಾನು ಹರಿದದ್ದನ್ನ ಹೊರಗೆ ಹಾಕಿದ್ದು. ಈಗ ಹರಿದದ್ದರ ಮೇಲೇ ಓಡ್ತಿದೆ. ಯಾವ ಹೊತ್ತಲ್ಲಾದ್ರೂ ಒಡೆಯುತ್ತೆ."

ಗುರುವಯ್ಯ ವೈಪರಿನಲ್ಲಿ ಒದ್ದಾಡುವ ರಬ್ಬರ್ ಚೂರನ್ನೇ ನೋಡಿದ. ನೋಡುತ್ತಾ ನೋಡುತ್ತಾ ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಅನಿಲನ ತೋಳು ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು.

"ಮುಂದೆ ಹೋಗು," ಅಂದ. "ಏನ್ ಬೇಕಾದ್ರೂ ಆಗ್ಲಿ. ಹೋಗು ಮಗಾ."

ಹೋಗು ಅಂದರೆ ಹೋಗೋಕೆ ರಸ್ತೆ ಬೇಡವಾ? ಒಂದೂವರೆ ಗಾಡಿಯ ಅಗಲ, ಎರಡೂ ಕಡೆ ಚರಂಡಿ. ಅನಿಲ್ ಮೂತಿ ತೂರಿಸಿದಾಗಲೆಲ್ಲ ತಿರುವು ಎದುರಾಗುತ್ತಿತ್ತು. ಗುರುವಯ್ಯ ಸೊಂಟದವರೆಗೂ ಕಿಟಕಿಯಿಂದ ಹೊರಗೆ ಬಾಗಿ, ತಲೆಯ ಪೇಟ ಬಿಚ್ಚಿ ಗಾಳಿಯಲ್ಲಿ ಬೀಸಿದ. ನಿಲ್ಸಿ, ನಿಲ್ಸಿ ಅಂತ ಕೂಗಿದ. ಕಾರಿನೊಳಗೆ ಹಾಡು ಹಾಕಿದ್ದರು, ಅದರ ದಂ ದಂ ಪಿಕಪ್ಪಿಗೂ ಕೇಳುತ್ತಿತ್ತು. ಹಿಂದಿನ ಗಾಜಿನಲ್ಲಿ ಇಬ್ಬರು ಚಿಕ್ಕಮ್ಮಂದಿರ ಮುಖ ತಿರುಗಿತು. ಮುದುಕ ಗಾಡಿಯಲ್ಲೇ ಕುಣೀತಿದ್ದಾನೆ ಅಂತ ಅವರಿಗೆ ನಗು ತಡೆಯಲಿಲ್ಲ. ಕುಸುಮಳೂ ಬಾಸಿಂಗ ಹಿಡಿದುಕೊಂಡು ತಿರುಗಿ ನೋಡಿದಳು, ನಕ್ಕಳು, ಮಾವನಿಗೆ ಕೈ ಬೀಸಿದಳು. ಗುರುವಯ್ಯನ ಬಾಯಿಂದ ಅಯ್ಯೋ ಅನ್ನೋ ಒಂದು ಸಣ್ಣ ಸದ್ದು ಹೊರಟಿತು. ಅದೂ ಅವರಿಗೆ ಕೇಳಿಸುವ ಹಾಗಿರಲಿಲ್ಲ.

ಏರಿನ ತುದಿಯಲ್ಲಿ ಬಸ್ ತಂಗುದಾಣದ ಮುಂದೆ ರಸ್ತೆ ಒಂಚೂರು ಅಗಲ. ಅದು ಬಿಟ್ಟರೆ ಆಮೇಲೆ ಇಳಿಜಾರೇ. ಅನಿಲ್ ಗೇರ್ ಇಳಿಸಿ, ಬಲ ಚಕ್ರಗಳನ್ನು ಚರಂಡಿಯ ಮಣ್ಣಿಗೆ ಇಳಿಸಿ ನುಗ್ಗಿದ. ಹಿಂದೆ ಬೀರು, ಪಾತ್ರೆ ದಡಬಡ ಉರುಳಿದವು. ಪ್ರಶಾಂತನೂ ಹಟಕ್ಕೆ ಆಕ್ಸಿಲರೇಟರ್ ತುಳಿದ. ಎರಡು ಗಾಡಿಯೂ ಭುಜಕ್ಕೆ ಭುಜ ಕೊಟ್ಟು ಹೋಗುತ್ತಿದ್ದಾಗ ಎದುರಿನ ತಿರುವಿನಿಂದ ಕಳಸದ ಬಸ್ಸಿನ ಮೂತಿ ಕಾಣಿಸಿತು. ಈಗ ಬ್ರೇಕ್ ಹಾಕಿ ಹಿಂದೆ ಸರಿದರೆ ತಂಗಿ ಇಳಿಜಾರಿಗೆ ಹೋದಳು. ಸರಿಯದಿದ್ದರೆ ತಾವಿಬ್ಬರೂ ಬಸ್ಸಿನಡಿ. ಅನಿಲ್ ಸರಿಯಲಿಲ್ಲ.

ಆಗ ಗುರುವಯ್ಯ ಬೀಸೋದನ್ನು ಬಿಟ್ಟು, ಪೇಟವನ್ನು ತೊಡೆಯ ಮೇಲೆ ಹಾಕಿಕೊಂಡು, ಕಿಟಕಿಯಿಂದ ಪ್ರಶಾಂತನ ಕಡೆ ತಿರುಗಿ ಎರಡೂ ಕೈ ಮುಗಿದ. ಬೋಳು ತಲೆ, ಕಣ್ಣಲ್ಲಿ ನೀರು. ಪ್ರಶಾಂತ ಹುಟ್ಟಿದಾಗಿನಿಂದ ಮೇಸ್ತ್ರಿ ಗುರುವಯ್ಯನನ್ನು ನೋಡಿದವನು. ಕೈ ಮುಗಿಯೋದನ್ನೂ ಸಾವಿರ ಸಲ ನೋಡಿದ್ದ, ಆ ಮುಖ ನೋಡಿರಲಿಲ್ಲ. ಅವನ ಕಾಲು ಆಕ್ಸಿಲರೇಟರಿನಿಂದ ಎದ್ದಿತು. ಪಿಕಪ್ ಒಂದು ಗೇಣಿನಲ್ಲಿ ಮುಂದೆ ದಾಟಿ ಎಡಕ್ಕೆ ಎಳೆದುಕೊಂಡಿತು. ಬಸ್ಸು ಬೈದುಕೊಂಡು ಪಕ್ಕದಲ್ಲೇ ಹಾದುಹೋಯಿತು. ಅನಿಲ್ ಬ್ರೇಕ್ ತುಳಿದು ಗಾಡಿ ಅಡ್ಡ ನಿಲ್ಲಿಸಿದ. ಕಾರೂ ಹಿಂದೆ ನಿಂತಿತು.

"ಮದುಮಗಳ ಗಾಡಿಗೆ ಅಡ್ಡ ಹಾಕ್ತಾರೇನೋ," ಅಂತ ಚಿಕ್ಕಮ್ಮ ಒಳಗಿನಿಂದಲೇ ಶುರುಮಾಡಿದಳು. ಅನಿಲ್ ಕೇಳಿಸಿಕೊಳ್ಳಲಿಲ್ಲ. ಬಿಳಿ ಪಂಚೆಯಲ್ಲೇ ಕೆಸರಿಗೆ ಮೊಣಕಾಲೂರಿ, ಎಡ ಚಕ್ರದ ಹಿಂದೆ ಕೈ ಹಾಕಿದ. ತಂತಿ ಬೆರಳಿಗೆ ಚುಚ್ಚಿತು. ಕೈ ಇನ್ನೊಂಚೂರು ಸರಿಸಿದ. ಅಂಚಿನ ಒಂದು ಜಾಗದಲ್ಲಿ ಟೈರ್ ಉಬ್ಬಿಕೊಂಡಿತ್ತು, ಬೆಳಿಗ್ಗೆ ಚಕ್ರದ ಕೆಳಗಿಟ್ಟ ನಿಂಬೆಹಣ್ಣಿನಷ್ಟು ದಪ್ಪಕ್ಕೆ, ಬೆಚ್ಚಗೆ. ಮುಟ್ಟಿದ ಕೈಯನ್ನು ಅವನು ಉಸಿರು ಹಿಡಿದು ಮೆಲ್ಲಗೆ ಹಿಂದೆ ತಂದ.

"ಎಲ್ಲರೂ ಇಳೀರಿ," ಅಂದ. "ಒಬ್ಬೊಬ್ಬರೇ. ಬಾಗಿಲು ಜೋರಾಗಿ ಹಾಕ್ಬೇಡಿ."

ಅವನ ದನಿ ಕೇಳಿ ಚಿಕ್ಕಮ್ಮನೇ ಮೊದಲು ಇಳಿದಳು. ಕುಸುಮ ಸೀರೆ ಎತ್ತಿ ಹಿಡಿದು ಇಳಿದಳು. ಗುರುವಯ್ಯ ಅವಳ ಕೈ ಹಿಡಿದು ಕಾರಿನಿಂದ ದೂರ, ತಂಗುದಾಣದ ಕಟ್ಟೆಯವರೆಗೂ ಕರೆದುಕೊಂಡು ಹೋದ.

ಬದಲಿ ಹಾಕೋಣ ಅಂದರೆ ಸ್ಟೆಪ್ನಿ ಇಲ್ಲ, ಆ ಜಾಗದಲ್ಲಿ ಸ್ಪೀಕರ್ ಪೆಟ್ಟಿಗೆ ಕೂತಿತ್ತು. ಅಷ್ಟರಲ್ಲಿ ಹಿಂದೆ ಒಂದು ಲಾರಿ ಬಂದು ನಿಂತು ದಾರಿ ಬಿಡಿ ಅಂತ ಹಾರ್ನ್ ಹೊಡೆಯಿತು. "ನಾಲ್ಕು ಮಾರು ಮುಂದೆ ತಗೊಂಡು ಅಂಚಿಗೆ ಹಾಕ್ತೀನಿ ಮಾರಾಯ," ಅಂತ ಪ್ರಶಾಂತ ಒಳಗೆ ಕೂತ.

"ಬೇಡ ಪ್ರಶಾಂತಣ್ಣ. ತಳ್ಳೋಣ."

"ಖಾಲಿ ಗಾಡಿ, ಏನಾಗುತ್ತೆ."

ಕಾರು ಮೆಲ್ಲಗೆ ಉರುಳಿತು. ಎಡ ಚಕ್ರ ಅಂಚಿನ ಒಂದು ಕಲ್ಲು ಹತ್ತಿ ಇಳಿಯಿತು. ತೋಟದಲ್ಲಿ ಕೋವಿ ಹಾರಿಸಿದ ಹಾಗೆ ಸದ್ದಾಯಿತು, ಕೊರಕಲಿನಾಚೆಯ ಗುಡ್ಡದಲ್ಲಿ ಮರುದನಿ ಕೇಳಿತು. ಕಾರಿನ ಹಿಂಭಾಗ ಎಡಕ್ಕೆ ಕುಸಿದು, ಜಾರಿ, ರಿಮ್ಮಿನ ಮೇಲೆ ಕರ್ರನೆ ಎಳೆದುಕೊಂಡು ಹೋಗಿ ಅಂಚಿನಲ್ಲಿ ನೆಟ್ಟಿದ್ದ ಕಲ್ಲಿಗೆ ಒರಗಿ ನಿಂತಿತು. ಅದರಾಚೆ ಏನೂ ಇರಲಿಲ್ಲ. ಸೇವಂತಿಗೆಯ ಒಂದು ಹಾರ ಕಳಚಿಕೊಂಡು ಕೆಳಗಿನ ಕಾಫಿ ಗಿಡಗಳ ಮೇಲೆ ಬಿತ್ತು.

ಲಾರಿಯವನೂ ಹಾರ್ನ್ ನಿಲ್ಲಿಸಿದ. ಪ್ರಶಾಂತ ಎಷ್ಟೋ ಹೊತ್ತು ಸ್ಟೇರಿಂಗ್ ಬಿಡಲೇ ಇಲ್ಲ. ಆಮೇಲೆ ಇಳಿದು ಸೀಳಿದ ಟೈರ್ ನೋಡಿದ, ಅನಿಲನ ಮುಖ ನೋಡಿದ.

"ನೀನು ಮಗುಚಿ ಹಾಕಿದ್ಯಲ್ಲ ಮಾರಾಯ. ಮತ್ತೆ ಯಾರು ತಿರುಗಿಸಿದ್ದು?"

ಕಟ್ಟೆಯ ಹತ್ತಿರದಿಂದ ಗುರುವಯ್ಯನೇ ಅಂದ, "ನಾನು ಸಣ್ಣಗೌಡ್ರೆ. ಹರಿದದ್ದು ಕಾಣ್ಬಾರ್ದು ಅಂತ."

ನೀವು ಹೊರಡಿ, ನಾನು ಗಾಡಿಯ ಹತ್ತಿರ ಇರ್ತೀನಿ ಅಂದ ಪ್ರಶಾಂತ. ಹರಿದ ಟೈರಿನ ಗಾಡಿಯನ್ನು ಮದುವೆಗೆ ಕೊಟ್ಟವನು ಇನ್ನು ಯಾರನ್ನು ತಾನೇ ಬೈದಾನು?

ಕುಸುಮ, ಮರಿಯಮ್ಮ ಪಿಕಪ್ಪಿನ ಮುಂದೆ ಕೂತರು. ಚಿಕ್ಕಮ್ಮಂದಿರು, ಗುರುವಯ್ಯ ಹಿಂದೆ, ಪಾತ್ರೆ ಪಡಗದ ನಡುವೆ. ಕಳಸದವರೆಗೂ ಅನಿಲ್ ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ. ಪ್ರತಿ ಇಳಿಜಾರಿನಲ್ಲೂ ಅವನ ಕಾಲು ಬ್ರೇಕಿನ ಮೇಲೇ ಇತ್ತು. ಕುಸುಮ ಅವನ ಬೆರಳಿನ ರಕ್ತ ಒರೆಸಿ ತನ್ನ ಕರ್ಚೀಫು ಸುತ್ತಿದಳು.

ಮುಹೂರ್ತಕ್ಕೆ ತಡವಾಗಲಿಲ್ಲ. ಪಿಕಪ್ಪಿನಿಂದ ಇಳಿದ ಮದುಮಗಳನ್ನು ನೋಡಿ ಗಂಡಿನ ಕಡೆಯವರು ಒಂದಿಷ್ಟು ಪಿಸುಗುಟ್ಟಿದರು, ಊಟದ ವಾಸನೆ ಬಂದ ಮೇಲೆ ಅದನ್ನೂ ಮರೆತರು. ಶಾಸ್ತ್ರದ ಪ್ರಕಾರ ಸೋದರಮಾವ ಕೈ ಹಿಡಿದು ಮಂಟಪಕ್ಕೆ ಕರೆತಂದ. ತಲೆಯ ಮೇಲೆ ಕೆಸರು ಮೆತ್ತಿದ ಪೇಟ. ಹಸೆಮಣೆಯ ಹತ್ತಿರ ಬಂದವನು ಗಕ್ಕನೆ ನಿಂತ.

"ಕೂರಿಸಿ ಗುರುವಯ್ಯ, ಹೊತ್ತಾಗುತ್ತೆ," ಅಂದರು ಪುರೋಹಿತರು.

ಗುರುವಯ್ಯ ಕೂರಿಸಲಿಲ್ಲ. ಹುಡುಗಿಯ ಕೈಯನ್ನು ಒಂದು ಕೈಯಲ್ಲಿ ಹಾಗೇ ಹಿಡಿದುಕೊಂಡು ಬಗ್ಗಿದ. ಹೂವು, ರಂಗೋಲಿ, ಅರಿಶಿನ ಕುಂಕುಮದಿಂದ ಸಿಂಗರಿಸಿದ್ದ ಹಸೆಮಣೆಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು, ಅದರ ಅಡಿ ಹೇಗಿದೆ ಅಂತ ಇಣುಕಿ ನೋಡಿದ. ಅಂಗೈಯಿಂದ ಒಂದು ಸಲ ಸವರಿಯೂ ನೋಡಿದ. ಮಂಟಪದ ಸುತ್ತ ಇದ್ದವರೆಲ್ಲ ಗೊಳ್ಳನೆ ನಕ್ಕರು.

ಅನಿಲ್ ನಗಲಿಲ್ಲ. ಕೆಸರು ಪಂಚೆಯಲ್ಲೇ ಮಂಟಪ ಹತ್ತಿ, ಮಾವನ ಪಕ್ಕ ಮೊಣಕಾಲೂರಿ, ತಾನೂ ಮಣೆಯ ಅಡಿ ಕೈ ಆಡಿಸಿದ.

"ಗಟ್ಟಿ ಇದೆ ಮಾವ," ಅಂದ. "ಕೂರಿಸಿ."

ಗುರುವಯ್ಯ ಆಗ ಹುಡುಗಿಯ ಕೈ ಬಿಟ್ಟ.